ಗ್ರಿಡ್‌ನಲ್ಲಿ ಮಾಯವಾದ ಲಾರಿಗಳು: ಕಸ್ಟಮ್ ರೋ ಫಿಲ್ಟರ್ ಸರಿ ಮಾಡಿದ ಕಥೆ

ಮುಂಬೈ, ಪುಣೆ, ನಾಸಿಕ್ ಕಡೆ ಇರೋ ನಮ್ಮವರಲ್ಲಿ ಕೆಲವರಾದ್ರೂ ಇನ್ನೂ ವಿನ್‌ಫಾರ್ಮ್ಸ್ ಅಪ್ಲಿಕೇಶನ್ ನೋಡ್ಕೊಳ್ತಿರ್ತೀರಿ. ಮೈಗ್ರೇಶನ್ ಮುಂದಿನ ವರ್ಷ ಅಂತ ಪ್ರತಿ ವರ್ಷ ಹೇಳ್ತಾರೆ, ಬಿಡಿ. ಇವತ್ತಿನ ವಿಷಯ ಡೆವ್‌ಎಕ್ಸ್‌ಪ್ರೆಸ್ ಗ್ರಿಡ್‌ನ ಕಸ್ಟಮ್‌ರೋಫಿಲ್ಟರ್ ಇವೆಂಟ್.

ಇಗತಪುರಿ ಹತ್ತಿರ ಹೆದ್ದಾರಿ ಪಕ್ಕದ ಒಂದು ಗೋದಾಮು. ಗೇಟಿನಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕಾದಿರೋ ಲಾರಿಗಳನ್ನ ಮಾತ್ರ ತೋರಿಸೋ ಪರದೆಯೊಂದು ನನ್ನ ಕೈಗೆ ಬಂತು. ಅಲ್ಲಿನ ಸೂಪರ್‌ವೈಸರ್ ದೂರು: ಸಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆ ಪಟ್ಟಿಯಲ್ಲಿ ಇರಬೇಕಾದ ಲಾರಿ ಇರಲ್ಲ, ಬೇಡದ್ದು ಇರುತ್ತೆ. ಎರರ್ ಇಲ್ಲ, ಲಾಗ್‌ನಲ್ಲೂ ಏನಿಲ್ಲ. ಹೊರಗೆ ಆ ಊರಿನ ಮಳೆಯಲ್ಲಿ ಟೊಮ್ಯಾಟೊ ಲೋಡ್ ಇಟ್ಕೊಂಡು ಡ್ರೈವರ್ ನಿಂತಿದ್ದಾನೆ. ಪರದೆ ಮೇಲೆ ಅವನು ಇಲ್ಲವೇ ಇಲ್ಲ.

ಕೋಡ್ ತೆಗೆದು ನೋಡಿದ್ರೆ, ಇವೆಂಟ್ ಕೊಡೋ ಲಿಸ್ಟ್‌ಸೋರ್ಸ್‌ರೋ ನಂಬರನ್ನ ನೇರವಾಗಿ ಗೆಟ್‌ರೋಗೆ ಕೊಟ್ಟಿದ್ದಾರೆ. ಗೆಟ್‌ರೋ ಕೇಳೋದು ರೋ ಹ್ಯಾಂಡಲ್, ಅಂದ್ರೆ ಗ್ರಿಡ್ ಒಳಗಿನ ಈಗಿನ ಸ್ಥಾನ. ಲಿಸ್ಟ್‌ಸೋರ್ಸ್‌ರೋ ಅನ್ನೋದು ಮೂಲ ಡೇಟಾದಲ್ಲಿನ ಸ್ಥಾನ. ಇಗತಪುರಿ ಗೊತ್ತಿರೋರಿಗೆ ಹೀಗೆ ಹೇಳಬಹುದು: ಕಸಾರಾದಿಂದ ಘಾಟ್ ಹತ್ತೋ ರೈಲಿಗೆ, ಏರು 37ಕ್ಕೆ 1 ಇರೋದ್ರಿಂದ, ಹಿಂದೆ ಬ್ಯಾಂಕರ್ ಎಂಜಿನ್ ಸೇರಿಸ್ತಾರೆ. ಈಗ ಹಿಂದಿನಿಂದ ಎಣಿಸಿದ್ರೆ ಎಲ್ಲ ಬೋಗಿಗಳ ಲೆಕ್ಕ ತಪ್ಪುತ್ತೆ. ಬೋಗಿ ಮೇಲೆ ಬರೆದ ನಂಬರ್ ಹಾಗೇ ಇರುತ್ತೆ. ಸಾರ್ಟ್ ಇಲ್ಲದಾಗ ಎರಡು ಲೆಕ್ಕವೂ ಒಂದೇ ಆಗಿರೋದ್ರಿಂದ ಟೆಸ್ಟಿಂಗ್‌ನಲ್ಲಿ ಇದು ಸಿಕ್ಕಿಬೀಳೋದೇ ಇಲ್ಲ. ಗೆಟ್‌ಲಿಸ್ಟ್‌ಸೋರ್ಸ್‌ರೋಸೆಲ್‌ವ್ಯಾಲ್ಯೂ ಬಳಸಿ. ಇಲ್ಲಾಂದ್ರೆ ಗ್ರಿಡ್‌ಗೆ ಬೈಂಡ್ ಮಾಡಿರೋ ಡೇಟಾವ್ಯೂನಿಂದಲೇ ಸಾಲು ತಗೊಳ್ಳಿ. ಅದರ ಹಿಂದಿನ ಡೇಟಾಟೇಬಲ್‌ಗೆ ಕೈ ಹಾಕಬೇಡಿ, ಕ್ರಮ ಬೇರೆ ಇರಬಹುದು.

ಇನ್ನೊಂದು, ಹ್ಯಾಂಡಲ್ಡ್. ಅದನ್ನ ಟ್ರೂ ಮಾಡದಿದ್ರೆ ನೀವು ಹಾಕಿದ ವಿಸಿಬಲ್‌ಗೆ ಬೆಲೆ ಇಲ್ಲ. ಪ್ರತಿ ಸಾಲಿಗೂ ಟ್ರೂ ಮಾಡಿದ್ರೆ ಬಳಕೆದಾರರು ಕಾಲಂನಲ್ಲಿ ಹಾಕಿದ ಫಿಲ್ಟರ್ ಕೆಲಸ ಮಾಡಲ್ಲ. ಅಡಗಿಸಬೇಕಾದ ಸಾಲಿಗೆ ಮಾತ್ರ ವಿಸಿಬಲ್ ಫಾಲ್ಸ್, ಹ್ಯಾಂಡಲ್ಡ್ ಟ್ರೂ. ಉಳಿದ ಸಾಲುಗಳನ್ನ ಗ್ರಿಡ್ ನೋಡ್ಕೊಳ್ಳಲಿ.

ಇಷ್ಟು ಮಾಡಿದ ಮೇಲೂ ರಾತ್ರಿ ಪಾಳಿಯವರ ದೂರು ನಿಲ್ಲಲಿಲ್ಲ. ಇದನ್ನ ಹುಡುಕೋಕೆ ಎರಡು ದಿನ ಹೋಯ್ತು. ಹಗಲಲ್ಲಿ ಹೊಸ ಎಂಟ್ರಿ ಬಂದಾಗಲೆಲ್ಲ ಪಟ್ಟಿ ಮತ್ತೆ ಲೋಡ್ ಆಗ್ತಿತ್ತು. ರಾತ್ರಿ ಎಂಟ್ರಿ ಇಲ್ಲ. ಒಂದು ಲಾರಿ ನಾಲ್ಕು ಗಂಟೆ ದಾಟಿದ್ರೂ ಅದರ ಸಾಲಿನ ಡೇಟಾ ಏನೂ ಬದಲಾಗಿಲ್ಲ, ಬದಲಾದದ್ದು ಗಡಿಯಾರ. ಅದನ್ನ ಗ್ರಿಡ್‌ಗೆ ಹೇಳೋರು ಯಾರು? ಫಾರ್ಮ್ ಮೇಲೆ ಒಂದು ಟೈಮರ್ ಹಾಕಿ, ನಿಮಿಷಕ್ಕೊಮ್ಮೆ ರಿಫ್ರೆಶ್‌ಡೇಟಾ ಕರೆದೆ. ಆ ರಾತ್ರಿಯಿಂದ ಲಾರಿಗಳು ಹೊತ್ತಿಗೆ ಸರಿಯಾಗಿ ಪಟ್ಟಿಗೆ ಬರೋಕೆ ಶುರುವಾಯ್ತು.