ನಾಲ್ಕು ಅಡಿಯ ಗಸ್ತು ದೋಣಿ

ಕನ್ನಡ ಪಾಠ ಹೇಳಿಕೊಂಡು ಬಾಳಿದವನೊಬ್ಬ ನಿವೃತ್ತನಾದ ಮೇಲೆ ಯುದ್ಧದೋಣಿಗಳನ್ನು ಕಟ್ಟಲು ಕುಳಿತನೆಂದರೆ ಕೇಳುಗರಿಗೆ ಸೋಜಿಗವೆನಿಸಬಹುದು. ನಾನು ಕಟ್ಟುವುದು ಪ್ರತಿಕೃತಿಗಳನ್ನು. ಅವು ಕೆರೆಯ ನೀರಿನಲ್ಲಿ ಓಡುತ್ತವೆ. ದಡದಲ್ಲಿ ನಿಂತವನ ಕೈಪೆಟ್ಟಿಗೆಯಿಂದ ಹೊರಡುವ ರೇಡಿಯೋ ಅಲೆಗಳ ಅಪ್ಪಣೆಯಂತೆ ತಿರುಗುತ್ತವೆ. ಈ ನನ್ನ ಮಾತನ್ನು ನಿಮ್ಮ ಮನೆಗೆ ಮುಟ್ಟಿಸುತ್ತಿರುವುದೂ ಅದೇ ಜಾತಿಯ ಅಲೆಗಳಲ್ಲವೆ?

ನಾನು ಆರಿಸಿಕೊಂಡದ್ದು ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ 'ಪಿ.ಟಿ.' ದೋಣಿಯನ್ನು. ಕತ್ತಲೆಯಲ್ಲಿ ಗಸ್ತು ತಿರುಗಿ, ಶತ್ರುನೌಕೆಯ ಮೇಲೆ ಟಾರ್ಪೆಡೊ ಬಿಟ್ಟು ಓಡಿಬರುವುದು ಅದರ ಕೆಲಸ. ಅದು ಉಕ್ಕಿನದಲ್ಲ, ಮರದ್ದು. ಎಲ್ಕೊ ಕಂಪನಿ ಕಟ್ಟಿದ 80 ಅಡಿಯ ದೋಣಿಗಳಿಗೆ ಮಹಾಗನಿ ಹಲಗೆಗಳ ಎರಡು ಪದರ; ನಡುವೆ ಅಂಟು ಕುಡಿಸಿದ ಕ್ಯಾನ್ವಾಸು. ಒಡಲಲ್ಲಿ ಮೂರು ಪ್ಯಾಕರ್ಡ್ ಎಂಜಿನುಗಳು, ಸಾವಿರಾರು ಲೀಟರು ವಿಮಾನದ ಪೆಟ್ರೋಲು.

ಇದನ್ನು ಇಪ್ಪತ್ತರಲ್ಲೊಂದು ಪಾಲಿಗೆ ಇಳಿಸಿದರೆ ಉದ್ದ ನಾಲ್ಕು ಅಡಿ. ತೂಕವಾದರೋ ಉದ್ದ, ಅಗಲ, ಎತ್ತರ ಮೂರರಲ್ಲೂ ಕುಗ್ಗಿ, ಎಂಟು ಸಾವಿರದಲ್ಲೊಂದು ಪಾಲಾಗುತ್ತದೆ. ಸುಮಾರು 56 ಟನ್ನಿನ ದೋಣಿ ಏಳು ಕಿಲೋಗ್ರಾಂ ಆಗುತ್ತದೆ. ಮೋಟಾರು, ಬ್ಯಾಟರಿ ಎಲ್ಲವೂ ಅದರೊಳಗೇ ಮುಗಿಯಬೇಕು. ಅಲೆಯನ್ನು ಹಿಡಿಯುವ ತಂತಿಯನ್ನು ನೀರಿನ ಮಟ್ಟಕ್ಕಿಂತ ಮೇಲೆಯೇ ಇರಿಸಬೇಕು. ವೇಗದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಗಂಟೆಗೆ ಸುಮಾರು 75 ಕಿಲೋಮೀಟರು ಓಡಿದ ದೋಣಿಯ ಪ್ರತಿಕೃತಿ ಅದರ ಇಪ್ಪತ್ತನೆಯ ಒಂದರಲ್ಲಿ ಓಡಿದರೆ ನಮ್ಮ ನಡಿಗೆಗಿಂತ ಹಿಂದುಳಿದೀತು, ಮೂತಿಯೆತ್ತಿ ನೀರನ್ನು ಸೀಳದು. ವಿಲಿಯಂ ಫ್ರೂಡ್ ಎಂಬ ಇಂಗ್ಲಿಷ್ ಎಂಜಿನಿಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟಂತೆ ಇಲ್ಲಿ ಭಾಗಿಸಬೇಕಾದದ್ದು ಇಪ್ಪತ್ತರಿಂದಲ್ಲ, ಅದರ ವರ್ಗಮೂಲದಿಂದ. ಹದಿನೇಳು ಕಿಲೋಮೀಟರಿನ ಆಸುಪಾಸಿನಲ್ಲಿ ಅಲೆಯ ಆಕಾರ ಮೂಲದಂತೆಯೇ ಏಳುತ್ತದೆ. ಆದರೂ ನೀರು ನಮ್ಮ ಅಳತೆಗೆ ಕಿರಿದಾಗಲೊಲ್ಲದು. ಚಿಮ್ಮಿದ ಒಂದೊಂದು ದಪ್ಪ ಹನಿಯೂ ಆ ದೋಣಿಯ ಪಾಲಿಗೆ ಮೂಸಂಬಿ ಗಾತ್ರದ್ದು!

ಕೊಲ್ಲಲೆಂದು ಕಟ್ಟಿದ್ದನ್ನು ಆಟಿಕೆ ಮಾಡಬಹುದೆ ಎಂದು ಕೇಳಿದವರುಂಟು. ಪ್ರಶ್ನೆ ನ್ಯಾಯವಾದದ್ದೇ. ನನ್ನ ದೋಣಿಯ ಸಂಖ್ಯೆ 109. ಮುಂದೆ ಅಮೆರಿಕದ ಅಧ್ಯಕ್ಷನಾದ ಜಾನ್ ಕೆನಡಿ ಅದರ ನಾಯಕ. 1943ರ ಆಗಸ್ಟ್ 2ರ ನಸುಕಿಗೆ ಮುನ್ನ, ಸಾಲೊಮನ್ ದ್ವೀಪಗಳ ನಡುವೆ, 'ಅಮಾಗಿರಿ' ಎಂಬ ಜಪಾನಿ ಯುದ್ಧನೌಕೆ ಕತ್ತಲೆಯಲ್ಲಿ ಅದನ್ನು ಇಬ್ಭಾಗ ಮಾಡಿತು. ಹದಿಮೂವರಲ್ಲಿ ಇಬ್ಬರು ಸತ್ತರು. ಉಳಿದವರು ತೇಲುತ್ತಿದ್ದ ಮುಂಭಾಗವನ್ನು ಹಿಡಿದುಕೊಂಡಿದ್ದು, ಕಡೆಗೆ ಐದೂವರೆ ಕಿಲೋಮೀಟರು ದೂರದ ದ್ವೀಪವೊಂದಕ್ಕೆ ಈಜಿದರು. ಸುಟ್ಟು ನೊಂದ ಎಂಜಿನ್ ಕೆಲಸದವನನ್ನು ಕೆನಡಿ, ಅವನ ರಕ್ಷಾಕವಚದ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದೊಯ್ದ.

ಮಿಕ್ಕವರಿಗೆ ಆಸರೆಯಾದದ್ದು ಒಂದು ತೊಲೆ. ಹೊರಡುವ ಮುನ್ನ ದೋಣಿಯವರು ಮುಂಗಟ್ಟೆಯ ಮೇಲೆ, ಜೀವರಕ್ಷಕ ತೆಪ್ಪವಿದ್ದ ಜಾಗದಲ್ಲಿ, ಭೂಸೇನೆಯ ತೋಪೊಂದನ್ನು ತೊಲೆಗಳ ಮೇಲೆ ಕಟ್ಟಿ ನಿಲ್ಲಿಸಿದ್ದರು. ತೆಪ್ಪವನ್ನು ತೆಗೆಸಿದ ತೋಪು ಮುಳುಗಿತು. ಅದನ್ನು ಹೊತ್ತಿದ್ದ ಮರವೇ ಈಜಲಾರದವರಿಗೆ ತೆಪ್ಪವಾಯಿತು.

ಕಾರ್ಖಾನೆಯ ನಕ್ಷೆಯಲ್ಲಿ ಈ ತೊಲೆಗಳಿಲ್ಲ. ಓಲೆಪ್ರತಿಗಳನ್ನು ಹೋಲಿಸಿ ಪಾಠ ನಿರ್ಣಯಿಸುವವನಂತೆ, ಬದುಕಿ ಬಂದವರ ಹೇಳಿಕೆಗಳಿಂದಲೇ ಅವುಗಳನ್ನು ಸೇರಿಸಬೇಕು. ನನ್ನ ಪ್ರತಿಕೃತಿಯಲ್ಲಿ ಉಳಿದೆಲ್ಲವನ್ನೂ ಅಂಟಿನಿಂದ ಕೂಡಿಸಿದ್ದೇನೆ. ಆ ತೊಲೆಗಳನ್ನು ಮಾತ್ರ ದಾರದಲ್ಲಿ ಕಟ್ಟಿದ್ದೇನೆ.