ಸಿನಿಮಾದ ಖೂಬಿ ಮತ್ತು ಖಾಮಿ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣ ಸಂಸ್ಥೆಯ ವೇದಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಕೆಲವು ಹಿರಿಯರಿಗೆ ಅನಿಸಬಹುದು. ಸಿನಿಮಾ ನೋಡುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ, ಅದನ್ನು ಆಲಿಮರು ಹೇಳಬೇಕು. ಆದರೆ ನಾವು ಟಾಕೀಸಿಗೆ ಹೋಗದಿದ್ದರೂ ಸಿನಿಮಾ ಮೊಬೈಲಿನೊಳಗೆ ಕುಳಿತು ನಮ್ಮ ಮಕ್ಕಳ ಜೇಬಿಗೆ ಬಂದಿದೆ. ಬಂದ ಅತಿಥಿಯನ್ನು ಪರೀಕ್ಷಿಸುವುದು ಹೇಗೆ ಎಂಬುದಷ್ಟೇ ನನ್ನ ವಿಷಯ.

2023ರ ಜೂನ್ ತಿಂಗಳು. ಶಾಲೆ ಆಗತಾನೇ ಆರಂಭವಾಗಿತ್ತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ನನ್ನ ಮೇಜಿನ ಬಳಿ ಬಂದು ನಿಂತ. ಪಕ್ಕದ ಬೆಂಚಿನ ಗೆಳೆಯ ಒಂದು ಚಿತ್ರದ ತುಣುಕು ತೋರಿಸಿ ಏನೋ ಕೇಳಿದ್ದನಂತೆ. "ಟೀಚರ್, ನಾವು ಹಾಗೇನಾ?" ಎಂದ. "ಅಂಥವೆಲ್ಲಾ ನೋಡಬೇಡ, ಹೋಗು" ಎಂದು ನಾನು ಕಳಿಸಿಬಿಟ್ಟೆ. ಅವನು ತಲೆ ತಗ್ಗಿಸಿ ಹೋದ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗು ಕೇಳಿದ್ದು ಪ್ರಶ್ನೆ, ನಾನು ಕೊಟ್ಟದ್ದು ಅಪ್ಪಣೆ. ಪ್ರಶ್ನೆಗೆ ಅಪ್ಪಣೆ ಉತ್ತರವಾಗುವುದಿಲ್ಲ.

ಉರ್ದುವಿನಲ್ಲಿ ಖೂಬಿ ಮತ್ತು ಖಾಮಿ ಎಂಬ ಎರಡು ಮಾತುಗಳಿವೆ. ಕನ್ನಡದಲ್ಲಿ ಗುಣ ಮತ್ತು ದೋಷ ಎನ್ನುತ್ತೇವೆ. ಈಗ ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಒಂದು ಕಡೆ ಖೂಬಿ, ಇನ್ನೊಂದು ಕಡೆ ಖಾಮಿ. ಎರಡೂ ಕಡೆ ಬರೆಯದೆ ತೀರ್ಪು ಕೊಡಬೇಡಿ.

ಆ ಹುಡುಗ ನೋಡಿದ್ದು 'ದಿ ಕೇರಳ ಸ್ಟೋರಿ' ಚಿತ್ರದ ತುಣುಕು. 2023ರ ಮೇ 5ರಂದು ತೆರೆಕಂಡ ಈ ಚಿತ್ರಕ್ಕೆ ವಯಸ್ಕರ ಪ್ರಮಾಣಪತ್ರವಿತ್ತು, ಆದರೆ ಮೊಬೈಲ್ ಯಾರ ವಯಸ್ಸನ್ನೂ ಕೇಳುವುದಿಲ್ಲ. ಮೊದಲು ಖೂಬಿ ಬರೆಯೋಣ. ಚಿತ್ರದ ಛಾಯಾಗ್ರಹಣ ಚೆನ್ನಾಗಿದೆ. ಛಾಯಾಗ್ರಹಣಕ್ಕೂ ನಿರ್ದೇಶನಕ್ಕೂ 2025ರಲ್ಲಿ ರಾಷ್ಟ್ರ ಪ್ರಶಸ್ತಿ ಘೋಷಣೆಯಾಯಿತು. ಕೇರಳದಿಂದ ಕೆಲವರು ಉಗ್ರ ಸಂಘಟನೆ ಸೇರಲು ದೇಶ ಬಿಟ್ಟು ಹೋದದ್ದೂ ನಿಜ, ಅದನ್ನು ನಾವು ಮುಚ್ಚಿಡಬಾರದು. ಈಗ ಖಾಮಿ. ಇದು 32,000 ಹೆಣ್ಣುಮಕ್ಕಳ ಕಥೆ ಎಂದು ಟೀಸರ್ ಹೇಳಿತು. ಆಕ್ಷೇಪ ಬಂದ ಮೇಲೆ ಅದರ ವಿವರಣೆಯಲ್ಲಿ ಮೂವರ ಕಥೆ ಎಂದಾಯಿತು. 32,000 ಎಂಬ ಅಂಕಿಗೆ ಅಧಿಕೃತ ಆಧಾರವಿಲ್ಲ, ಇದು ಕಾಲ್ಪನಿಕ ರೂಪಾಂತರ ಎಂಬ ಸೂಚನೆಯನ್ನು ಸೇರಿಸುವುದಾಗಿ ನಿರ್ಮಾಪಕರು ಸುಪ್ರೀಂ ಕೋರ್ಟಿನಲ್ಲಿ ಒಪ್ಪಿಕೊಂಡರು. ಲೆಕ್ಕದ ಮೇಷ್ಟ್ರು ಮೂರರ ಮುಂದೆ 32,000 ಬರೆದ ಹುಡುಗನಿಗೆ ಎಷ್ಟು ಅಂಕ ಕೊಡುತ್ತಾರೆ? ಅಕ್ಷರ ಎಷ್ಟೇ ಮುದ್ದಾಗಿದ್ದರೂ ಉತ್ತರ ತಪ್ಪು ತಪ್ಪೇ.

ಸುದ್ದಿಯೊಂದು ಬಂದಾಗ ವಿಚಾರಿಸಿ ನೋಡಿ, ಅರಿಯದೆ ಒಂದು ಜನಕ್ಕೆ ಕೇಡು ಮಾಡಬೇಡಿ ಎಂಬ ಬೋಧನೆ ಪವಿತ್ರ ಕುರ್‌ಆನಿನ ಸೂರ ಅಲ್ ಹುಜುರಾತ್‌ನಲ್ಲಿದೆ. ಇದು ಸಿನಿಮಾ ಮಾಡುವವರಿಗೂ ಬೇಕು, ನೋಡುವವರಿಗೂ ಬೇಕು. ನಮ್ಮನ್ನು ನಿಂದಿಸುವ ಸುಳ್ಳಿಗೆ ಮಾತ್ರವಲ್ಲ, ನಮ್ಮನ್ನು ಹೊಗಳುವ ಸುಳ್ಳಿಗೂ ಅನ್ವಯಿಸಬೇಕು.

ಅದೇ ಮೇ ತಿಂಗಳ 19ರಂದು ಕನ್ನಡದಲ್ಲಿ 'ಡೇರ್‌ಡೆವಿಲ್ ಮುಸ್ತಫಾ' ಬಂತು. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಶಶಾಂಕ್ ಸೋಗಾಲ್ ಅವರ ನಿರ್ದೇಶನ. ತೇಜಸ್ವಿಯವರ ಓದುಗರೇ ಕೈಯಿಂದ ಹಣ ಹಾಕಿ ಮಾಡಿದ ಚಿತ್ರ. ಅಬಚೂರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಸೇರುತ್ತಾನೆ. ಉಳಿದ ಹುಡುಗರಿಗೆ ಅವನ ಬಗ್ಗೆ ಇರುವುದು ದ್ವೇಷಕ್ಕಿಂತ ಹೆಚ್ಚಾಗಿ ಅಜ್ಞಾನ. ಹತ್ತಿರದಿಂದ ನೋಡಿಲ್ಲ, ಆದ್ದರಿಂದ ಕಲ್ಪನೆ ಬೆಳೆದಿದೆ. ಬೋಧನೆ ಮಾಡದೆ, ನಗಿಸುತ್ತಲೇ ಇದನ್ನು ತಿಳಿಸುವುದು ಚಿತ್ರದ ದೊಡ್ಡ ಖೂಬಿ.

ಈ ಚಿತ್ರ ನನಗೆ ಬಹಳ ಇಷ್ಟ. ಹಾಗೆಂದು ಖಾಮಿಯ ಕಡೆ ಖಾಲಿ ಬಿಡಲಾಗದು. ಮುಸ್ತಫಾ ಎಲ್ಲರಿಗಿಂತ ಚುರುಕು, ಧೈರ್ಯವಂತ. ಕೊನೆಗೆ ಕ್ರಿಕೆಟ್ ಮೈದಾನವೂ ಬರುತ್ತದೆ. 2007ರ 'ಚಕ್ ದೇ ಇಂಡಿಯಾ'ದಲ್ಲಿ ಹಾಕಿ ಕೋಚ್ ಕಬೀರ್ ಖಾನ್ ಕಳಂಕ ತೊಳೆದುಕೊಳ್ಳಲು ವಿಶ್ವಕಪ್ಪನ್ನೇ ಗೆಲ್ಲಿಸಬೇಕಾಯಿತು. ಹಾಗಾದರೆ ಆಟ ಬಾರದ, ಸಾಧಾರಣ ಅಂಕದ, ನಾಚಿಕೆ ಸ್ವಭಾವದ ಹುಡುಗ ಏನು ಮಾಡಬೇಕು? ಅವನನ್ನು ಗೆಳೆಯನೆಂದು ಒಪ್ಪಲು ಸಾಧನೆಯ ಸರ್ಟಿಫಿಕೇಟ್ ಬೇಕೇ? ಒಂದು ಬಗೆಯ ಚಿತ್ರ ನಮ್ಮನ್ನು ಖಳನಾಯಕ ಮಾಡುತ್ತದೆ, ಇನ್ನೊಂದು ಬಗೆಯದು ಫರಿಶ್ತೆ ಮಾಡುತ್ತದೆ. ಎರಡರಲ್ಲೂ ನಮ್ಮ ಬೀದಿಯ ಸಾಮಾನ್ಯ ಮನುಷ್ಯ ಕಾಣುವುದಿಲ್ಲ.

ಆ ಸಾಮಾನ್ಯ ಮನುಷ್ಯ ನನಗೆ ಸಿಕ್ಕಿದ್ದು 2025ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ನೀರಜ್ ಘಯ್ವಾನ್ ಅವರ 'ಹೋಮ್‌ಬೌಂಡ್' ಹಿಂದಿ ಚಿತ್ರದಲ್ಲಿ. ಶೋಯೆಬ್ ಮತ್ತು ಚಂದನ್ ಒಂದೇ ಊರಿನ ಗೆಳೆಯರು. ಒಬ್ಬ ಮುಸ್ಲಿಂ, ಇನ್ನೊಬ್ಬ ದಲಿತ. ಇಬ್ಬರ ಕನಸೂ ಪೊಲೀಸ್ ಕಾನ್‌ಸ್ಟೆಬಲ್ ಕೆಲಸ. ಸಮವಸ್ತ್ರ ತೊಟ್ಟರೆ ಜನ ಮರ್ಯಾದೆ ಕೊಟ್ಟಾರೆಂಬ ಆಸೆ. 2020ರ ಲಾಕ್‌ಡೌನಿನಲ್ಲಿ ಸೂರತ್‌ನಿಂದ ಊರಿಗೆ ಹೊರಟ ಇಬ್ಬರು ಗೆಳೆಯರ ನಿಜ ಘಟನೆಯೇ ಇದಕ್ಕೆ ಆಧಾರ. ಶೋಯೆಬ್ ವೀರನಲ್ಲ. ಕೋಪಗೊಳ್ಳುತ್ತಾನೆ, ಸೋಲುತ್ತಾನೆ, ಗೆಳೆಯನ ಕೈ ಮಾತ್ರ ಬಿಡುವುದಿಲ್ಲ. ಇದೇ ಖೂಬಿ. ಖಾಮಿಯೂ ಇದೆ: ಓದಬೇಕೆಂಬ ಹಟದ ಸುಧಾ ಎಂಬ ಹುಡುಗಿಯ ಪಾತ್ರಕ್ಕೆ ಸಾಕಷ್ಟು ಜಾಗ ಸಿಕ್ಕಿಲ್ಲ. ನಮ್ಮ ಹೆಣ್ಣುಮಕ್ಕಳು ಇದನ್ನು ಗಮನಿಸಬೇಕು.

ಕೊನೆಯದಾಗಿ ಸ್ವಲ್ಪ ಕಹಿ ಮಾತು. ನಮ್ಮ ತಪ್ಪು ತೋರಿಸುವ ಚಿತ್ರವೆಲ್ಲಾ ನಮ್ಮ ಶತ್ರುವಲ್ಲ. 2004ರಲ್ಲಿ ಗಿರೀಶ್ ಕಾಸರವಳ್ಳಿಯವರು ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು 'ಹಸೀನಾ' ಎಂಬ ಚಿತ್ರ ಮಾಡಿದರು. ತಾರಾ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರ ಪ್ರಶಸ್ತಿ ಬಂತು. ಹೆಣ್ಣು ಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ ಬಡ ತಾಯಿ ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ಮುತವಲ್ಲಿ ಕಿವಿಗೊಡುವುದಿಲ್ಲ. ಈ ಕಥೆ ಯಾವುದೋ ದೂರದ ಊರಿನಲ್ಲಿ ಕುಳಿತು ಕಟ್ಟಿದ್ದಲ್ಲ. ಹಾಸನದ ನಮ್ಮ ಅಕ್ಕ ಬರೆದದ್ದು. ಅದೇ ಕಥೆಯೂ ಸೇರಿರುವ, ದೀಪಾ ಭಾಸ್ತಿಯವರು ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾವೆಲ್ಲಾ ಅಭಿನಂದನೆಯ ಫ್ಲೆಕ್ಸ್ ಕಟ್ಟಿದೆವು. ಆದರೆ ನಮ್ಮ ಜಮಾಅತಿನ ಬಾಗಿಲಿಗೆ ಬರುವ ಹಸೀನಾಳಿಗೆ ಕುರ್ಚಿ ಹಾಕುತ್ತೇವೆಯೇ? ನಿಮಗೇ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿ ಎಂದು ಸೂರ ಅನ್ನಿಸಾ ನಮಗೆ ಕಲಿಸುತ್ತದೆ. ಸುಳ್ಳು ಆರೋಪಕ್ಕೂ ನಿಜವಾದ ದೂರಿಗೂ ಇರುವ ವ್ಯತ್ಯಾಸ ತಿಳಿಯುವುದೇ ತಾಲೀಮ್.

ಸಂಸ್ಥೆಯ ಹಿರಿಯರಲ್ಲಿ ನನ್ನದೊಂದು ವಿನಂತಿ. ನಮ್ಮ ಗ್ರಂಥಾಲಯದಲ್ಲಿ ತೇಜಸ್ವಿಯವರ, ಬಾನು ಮುಷ್ತಾಕ್ ಅವರ ಪುಸ್ತಕಗಳಿರಲಿ. ಸದ್ದು ಮಾಡುವ ಚಿತ್ರ ಬಂದಾಗ ಖಂಡನಾ ಹೇಳಿಕೆಗೆ ಮೊದಲು ಮಕ್ಕಳನ್ನು ಕೂರಿಸಿ ಅವರ ಮಾತು ಕೇಳೋಣ.

ಆ ಹುಡುಗ ಈಗ ಪಿಯುಸಿಯಲ್ಲಿದ್ದಾನೆ. ಮರುವಾರವೇ ನಾನು ಅವನನ್ನೂ ಆ ಗೆಳೆಯನನ್ನೂ ಒಟ್ಟಿಗೆ ಕೂರಿಸಿ ಒಂದೇ ಹಾಳೆಯಲ್ಲಿ ಗೆರೆ ಎಳೆಸಿದೆ. ಎರಡೂ ಕಡೆ ತುಂಬಲು ಅವರಿಗೆ ಒಂದು ಗಂಟೆ ಬೇಕಾಯಿತು, ಜಗಳವೂ ಆಯಿತು. ಆದರೆ "ನಾವು ಹಾಗೇನಾ?" ಎಂಬ ಪ್ರಶ್ನೆಗೆ ಉತ್ತರ ಆ ಹಾಳೆಯಲ್ಲಿರಲಿಲ್ಲ. ಒಂದೇ ಬೆಂಚಿನಲ್ಲಿ ಕುಳಿತು ಅದನ್ನು ತುಂಬಿಸಿದ್ದರಲ್ಲಿ ಇತ್ತು.

ವಿದ್ಯಾರ್ಥಿಗಳೇ, ಚಪ್ಪಾಳೆ ತಟ್ಟುವ ಮೊದಲು, ಕಲ್ಲೆತ್ತುವ ಮೊದಲು, ಪೆನ್ನು ಎತ್ತಿಕೊಳ್ಳಿ. ಅಲ್ಲಾಹನು ನಮಗೆಲ್ಲರಿಗೂ ನ್ಯಾಯವಾಗಿ ನೋಡುವ ಕಣ್ಣು ಕೊಡಲಿ, ಆಮೀನ್. ಖುದಾ ಹಾಫಿಜ್.