ಹಲವು ದೇಶ, ಒಂದು ಪ್ರಯೋಗಾಲಯ



ನಾರ್ವೆಯ ಉತ್ತರದ ತುದಿ ದಾಟಿ ಇನ್ನೂ ಮೇಲಕ್ಕೆ ಹೋದರೆ ಕಡಲ ನಡುವೆ ಸ್ವಾಲ್‌ಬಾರ್ಡ್ ಎಂಬ ದ್ವೀಪಗಳ ಗುಂಪು ಸಿಗುತ್ತದೆ. ಅಲ್ಲಿ, ಹೆಚ್ಚೂಕಡಿಮೆ 79 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನೀ ಓಲೆಸುಂಡ್ ಎಂಬ ಪುಟ್ಟ ಊರಿದೆ. ಚಳಿಗಾಲದಲ್ಲಿ ಮೂವತ್ತು ನಲವತ್ತು ಜನ, ಬೇಸಿಗೆಯಲ್ಲಿ ನೂರರ ಮೇಲೆ. ಇರುವವರೆಲ್ಲ ಒಂದೋ ವಿಜ್ಞಾನಿಗಳು, ಇಲ್ಲವೇ ಅವರಿಗಾಗಿ ಅಡುಗೆ, ವಿದ್ಯುತ್ತು, ದೋಣಿ ನೋಡಿಕೊಳ್ಳುವವರು.

ಮೊದಲು ಇದು ಕಲ್ಲಿದ್ದಲು ಗಣಿಯ ಊರಾಗಿತ್ತು. 1962ರಲ್ಲಿ ಗಣಿಯೊಳಗೆ ಸ್ಫೋಟವಾಗಿ 21 ಕಾರ್ಮಿಕರು ಸತ್ತರು. ಮರುವರ್ಷ ಗಣಿಗಾರಿಕೆ ನಿಂತಿತು. ಖಾಲಿಯಾದ ಮನೆಗಳಿಗೆ ಒಂದೊಂದಾಗಿ ಸಂಶೋಧಕರು ಬಂದರು. ಕಟ್ಟಡದೊಳಗೆ ಕಾಲಿಡುವವರು ಈಗಲೂ ಬೂಟನ್ನು ಬಾಗಿಲಲ್ಲೇ ಬಿಡಬೇಕು. ಇದ್ದಲ ಪುಡಿ ಒಳಗೆ ಬರಬಾರದೆಂದು ಗಣಿಗಾರರ ಕಾಲದಲ್ಲಿ ಶುರುವಾದ ರೂಢಿ ಇದು. ನಮ್ಮವರಿಗೆ ಇದನ್ನು ಕಲಿಸಿಕೊಡಬೇಕಾಗಿಲ್ಲ.

ನಮ್ಮವರು ಎಂದೆ. ಗೋವೆಯಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ನಡೆಸುವ ಭಾರತದ ಸಂಶೋಧನಾ ನೆಲೆ 'ಹಿಮಾದ್ರಿ' ಅಲ್ಲಿ 2008ರ ಜುಲೈಯಲ್ಲಿ ಆರಂಭವಾಯಿತು. ಸುಮಾರು 220 ಚದರ ಮೀಟರ್ ಕಟ್ಟಡ, ಎಂಟು ಜನ ಉಳಿಯಬಹುದು. ಇಷ್ಟರಲ್ಲಿ ಒಂದು ದೇಶಕ್ಕೆ ಬೇಕಾದ ಉಪಕರಣವೆಲ್ಲ ಹಿಡಿಸುತ್ತದೆಯೇ? ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಊರಿನ ನೆಲ, ರನ್‌ವೇ, ಬಂದರು, ಊಟದ ಮನೆ ಎಲ್ಲವೂ ಕಿಂಗ್ಸ್ ಬೇ ಎಂಬ ನಾರ್ವೆ ಸರ್ಕಾರದ ಕಂಪನಿಯ ಕೈಯಲ್ಲಿದೆ. ದೇಶಗಳು ಅವರಿಂದ ಕಟ್ಟಡ ಬಾಡಿಗೆಗೆ ಪಡೆಯುತ್ತವೆ. ಉಳಿದದ್ದನ್ನು ಸಾಮೂಹಿಕವಾಗಿ ಬಳಸುತ್ತವೆ. ಗಾಳಿಯಲ್ಲಿನ ಸೂಕ್ಷ್ಮ ಕಣಗಳನ್ನು ಅಳೆಯುವ ನಮ್ಮ ಯಂತ್ರಗಳು ಹಿಮಾದ್ರಿಯಲ್ಲಿಲ್ಲ. ಒಂದು ಕಾಲಕ್ಕೆ ಗಣಿ ಕಾರ್ಮಿಕರ ಸ್ನಾನದ ಮನೆಯಾಗಿದ್ದ ಕಟ್ಟಡದಲ್ಲಿ ಇಟಲಿಯವರ ಯಂತ್ರಗಳ ಜೊತೆಗಿವೆ. 2014ರಲ್ಲಿ ಭಾರತ ಅಲ್ಲಿನ ಕೊಲ್ಲಿಯಲ್ಲಿ 'ಇಂಡಾರ್ಕ್' ಎಂಬ ವೀಕ್ಷಣಾ ಉಪಕರಣಗಳ ಸರಪಳಿಯನ್ನು ನೀರಿಗೆ ಇಳಿಸಿದ್ದೂ ನಾರ್ವೆಯ ಹಡಗಿನಿಂದಲೇ.

ಅಲ್ಲಿಗೆ ಹೋಗಬೇಕೆಂದವರು ಮೊದಲು ತಮ್ಮ ಯೋಜನೆಯನ್ನು ಸ್ವಾಲ್‌ಬಾರ್ಡ್‌ನ ಸಂಶೋಧನಾ ದಾಖಲೆಯಲ್ಲಿ ನೋಂದಾಯಿಸಬೇಕು. ಹಾಸಿಗೆ, ಪ್ರಯೋಗಾಲಯ, ದೋಣಿ ಎಲ್ಲವನ್ನೂ ಮೊದಲೇ ಕಾದಿರಿಸಬೇಕು. ಊರಾಚೆ ಹೋಗುವವರು ಹಿಮಕರಡಿಯ ಭಯಕ್ಕೆ ಬಂದೂಕು ಹಿಡಿಯುವುದನ್ನೂ ಕಲಿಯಬೇಕು. ಲ್ಯಾಬಿನ ಕೆಲಸಕ್ಕೆ ಹೋದವರು ಗುಂಡು ಹಾರಿಸಲು ಕಲಿತು ಬರುತ್ತಾರೆ, ಅದಿರಲಿ.

2005ರಲ್ಲಿ ಕಡಲ ದಂಡೆಯಲ್ಲೇ ಕಟ್ಟಿದ ಸಾಗರ ಪ್ರಯೋಗಾಲಯ ಎಲ್ಲ ದೇಶಗಳ ಬಳಕೆಗೂ ತೆರೆದದ್ದು. ಕೊಲ್ಲಿಯ ನೀರನ್ನು ಪಂಪಿನಿಂದ ಎತ್ತಿ ತೊಟ್ಟಿಗಳಿಗೆ ಹರಿಸುತ್ತಾರೆ. ಇಂಥ ಕಡೆ ಮೈಕ್ರೋಸ್ಕೋಪನ್ನು ಹಂಚಿಕೊಳ್ಳುವುದು ಕಷ್ಟವಲ್ಲ. ಬೆಳಿಗ್ಗೆ ನೀವು, ಸಂಜೆ ನಾವು. ಮುಗಿದ ಮೇಲೆ ಲೆನ್ಸು ಒರೆಸಿ ಮುಚ್ಚಳ ಹಾಕಿದರೆ ಆಯಿತು. ಫ್ರೀಜರ್ ವಿಷಯ ಸ್ವಲ್ಪ ಬೇರೆ. ಮೈನಸ್ 80 ಡಿಗ್ರಿಯ ಪೆಟ್ಟಿಗೆಯಲ್ಲಿ ಯಾರದೋ ಹೆಸರಿಲ್ಲದ ಡಬ್ಬಿಗಳು ವರ್ಷಗಟ್ಟಲೆ ಕೂತಿರುತ್ತವೆ. ಮಾಮೂಲಿ ಪೆನ್ನಿನಲ್ಲಿ ಬರೆದ ಹೆಸರು ಒಂದು ಹನಿ ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ. ಅದಕ್ಕೇ ಅನುಭವಸ್ಥರು ಸ್ಯಾಂಪಲ್ ಚೀಟಿಗೆ ಪೆನ್ಸಿಲ್ ಬಳಸುತ್ತಾರೆ. ಯಾರದೆಂದು ತಿಳಿಯದ ಡಬ್ಬಿಯನ್ನು ಎಸೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಬಂದರೆ ಅದು ಯಾರದೋ ಪಿಎಚ್‌ಡಿ ಆಗಿರುತ್ತದೆ!

ಇನ್ನೂ ಕಠಿಣವಾದದ್ದು ಕಣ್ಣಿಗೆ ಕಾಣದ ಗಲೀಜು. ಕಡಲಿನ ಸೂಕ್ಷ್ಮ ಸಸ್ಯಗಳು ಎಷ್ಟು ಬೇಗ ಬೆಳೆಯುತ್ತವೆ ಎಂದು ತಿಳಿಯಲು ನೀರಿಗೆ ಕಾರ್ಬನ್-14 ಬೆರೆಸಿ ಅಳೆಯುವುದು ಹಳೆಯ, ನಂಬಿಕಸ್ತ ವಿಧಾನ. ಪಕ್ಕದ ಮೇಜಿನವರು ಹಳೆಯ ಕೆಸರಿನ ವಯಸ್ಸು ಕಂಡುಹಿಡಿಯುವವರಾದರೆ ಅವರೂ ಅದೇ ಕಾರ್ಬನ್-14 ಎಣಿಸುತ್ತಾರೆ. ಆದರೆ ಅವರು ಹುಡುಕುವುದು ಪ್ರಕೃತಿಯಲ್ಲಿ ಇರುವಷ್ಟನ್ನು: ಲಕ್ಷ ಕೋಟಿ ಇಂಗಾಲದ ಪರಮಾಣುಗಳಲ್ಲಿ ಒಂದೇ ಒಂದು. ಮೆಣಸಿನಕಾಯಿ ಪುಡಿ ಮಾಡಿಸಿದ ಗಿರಣಿಯಲ್ಲೇ ಮಗುವಿಗೆ ರಾಗಿ ಬೀಸಿಸಿದರೆ ಏನಾಗುತ್ತದೋ ಇಲ್ಲೂ ಅದೇ. ಬಾಗಿಲ ಹಿಡಿ, ಕೈಗವಸು, ಫ್ರೀಜರಿನ ಗೋಡೆ, ಬೆರೆಸಿದ ಕಾರ್ಬನ್-14 ಯಾವುದಕ್ಕೆ ಅಂಟಿದರೂ ಮುಂದಿನ ವರ್ಷ ಬರುವವರ ಲೆಕ್ಕವೂ ಕೆಡುತ್ತದೆ. ಇಬ್ಬರಲ್ಲಿ ಯಾರದೂ ತಪ್ಪಲ್ಲ, ಆದರೆ ಸರದಿ ಹಾಕಿಕೊಂಡು ಬಗೆಹರಿಯುವ ಸಮಸ್ಯೆ ಇದಲ್ಲ. ಕೋಣೆಯೇ ಬೇರೆಯಾಗಬೇಕು.

ನನ್ನ ಎಣಿಕೆಯಲ್ಲಿ ನೀ ಓಲೆಸುಂಡ್‌ನ ಅತಿ ಬೆಲೆಬಾಳುವ ಸಾಮೂಹಿಕ ಉಪಕರಣಗಳು ಯಂತ್ರಗಳೇ ಅಲ್ಲ. ಒಂದು, ಸ್ವಚ್ಛ ಗಾಳಿ. ಊರ ಪಕ್ಕದ ಬೆಟ್ಟದ ಮೇಲೆ, ಸುಮಾರು 475 ಮೀಟರ್ ಎತ್ತರದಲ್ಲಿ ಝೆಪ್ಪೆಲಿನ್ ವೀಕ್ಷಣಾಲಯವಿದೆ. ಕೈಗಾರಿಕೆಗಳಿಂದ ಬಹು ದೂರದ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್, ಪಾದರಸ, ಮಸಿ ಎಷ್ಟಿದೆ ಎಂದು ಅಲ್ಲಿ ಅಳೆಯುತ್ತಾರೆ. ಅಲ್ಲಿಗೆ ಕೇಬಲ್ ಕಾರಿನಲ್ಲಿ ಹತ್ತುತ್ತಾರೆ. ಯಾರೋ ಒಬ್ಬರು ತಮ್ಮ ಅವಸರಕ್ಕೆ ಸ್ನೋಮೊಬೈಲ್ ಏರಿ ತಪ್ಪು ಕಡೆ ಹೋದರೆ ಅದರ ಹೊಗೆ ಇನ್ನೊಬ್ಬರ ದಾಖಲೆಯಲ್ಲಿ ಸೇರುತ್ತದೆ.

ಇನ್ನೊಂದು, ರೇಡಿಯೋ ಮೌನ. ನಾರ್ವೆಯ ಭೂಮಾಪನ ಇಲಾಖೆಯ ದೊಡ್ಡ ಆಂಟೆನಾಗಳು ಅಲ್ಲಿ ಕೋಟಿಗಟ್ಟಲೆ ಜ್ಯೋತಿರ್ವರ್ಷ ದೂರದ ಕ್ವೇಸಾರ್ ಎಂಬ ಆಕಾಶಕಾಯಗಳ ಸಂಕೇತ ಹಿಡಿದು ಭೂಮಿಯ ತಿರುಗಾಟವನ್ನೂ ಭೂಖಂಡಗಳ ಸರಿದಾಟವನ್ನೂ ಅಳೆಯುತ್ತವೆ. ಆ ಸಂಕೇತ ಎಷ್ಟು ಕ್ಷೀಣವೆಂದರೆ ಒಂದು ಮೊಬೈಲ್ ಸಾಕು ಅದನ್ನು ಮುಳುಗಿಸಲು. ಆದ್ದರಿಂದ 2ರಿಂದ 32 ಗಿಗಾಹರ್ಟ್ಸ್ ನಡುವೆ ಪ್ರಸಾರ ಮಾಡುವ ಯಾವುದನ್ನೂ ಅನುಮತಿಯಿಲ್ಲದೆ ಅಲ್ಲಿ ಬಳಸುವಂತಿಲ್ಲ. ವೈಫೈ ಇಲ್ಲ, ಬ್ಲೂಟೂತ್ ಇಲ್ಲ, ಸ್ಮಾರ್ಟ್ ಕೈಗಡಿಯಾರ ಕೂಡ ಸಂಕೇತ ಕಳಿಸಬಾರದು. ಎಲ್ಲಕ್ಕೂ ತಂತಿ. ಮೈಕ್ರೋಸ್ಕೋಪನ್ನು ಎಲ್ಲರೂ ಬಳಸಿ ಹಂಚಿಕೊಳ್ಳುತ್ತಾರೆ, ಮೌನವನ್ನು ಎಲ್ಲರೂ ಏನನ್ನೋ ಬಿಟ್ಟುಕೊಟ್ಟು ಹಂಚಿಕೊಳ್ಳಬೇಕು.

ಇಲ್ಲಿಗೆ ನಮ್ಮ ಬೆಂಗಳೂರಿನ ಸಂಬಂಧ ಬರುತ್ತದೆ. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ತಂಡ ಹಿಮಾದ್ರಿಗೆ ಹೊರಟಿತು. ಅದರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಅನಿಲದ ಸಂಕೇತ ಹುಡುಕುವ 'ಸರಸ್' ಉಪಕರಣ ಅವರದು. 2020ರಲ್ಲಿ ಅದನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಸಿದ್ದರು. ಆದರೆ ಆ ಸಂಕೇತ ಸಿಗುವುದು ಗಿಗಾಹರ್ಟ್ಸ್‌ಗಳಲ್ಲಿ ಅಲ್ಲ, ಅದಕ್ಕಿಂತ ಬಹಳ ಕೆಳಗೆ, ನಮ್ಮ ಎಫ್‌ಎಂ ಬಾನುಲಿಯ ಆಸುಪಾಸಿನಲ್ಲಿ. ಊರಿನ ನಿಷೇಧ ಆ ಮಟ್ಟಕ್ಕೆ ಇಳಿಯುವುದೇ ಇಲ್ಲ. ನೆರೆಯ ಪ್ರಯೋಗಾಲಯದ ಒಂದು ಪವರ್ ಸಪ್ಲೈ, ಯಾವ ನಿಯಮವನ್ನೂ ಮೀರದೆ, ಅಲ್ಲಿ ಗದ್ದಲ ಎಬ್ಬಿಸಬಹುದು. ಹಾಗಾಗಿ ಅವರ ಮೊದಲ ಕೆಲಸ ಆಕಾಶಕ್ಕೆ ಕಿವಿಗೊಡುವುದಾಗಿರಲಿಲ್ಲ. ಸ್ವಾಲ್‌ಬಾರ್ಡ್‌ನಲ್ಲಿ ತಮಗೆ ಬೇಕಾದ ಅಲೆಗಳ ಮಟ್ಟದಲ್ಲಿ ಎಷ್ಟು ಗದ್ದಲವಿದೆ ಎಂದು ಅಳೆಯುವುದಾಗಿತ್ತು.